ಲಿನಕ್ಸ್ ಬರೆಯುವವರಿಗೆ ಸಂಬಳ ಕೊಡುವವರು ಯಾರು? ಮುಕ್ತ ಆಪರೇಟಿಂಗ್ ಸಿಸ್ಟಂಗಳಲ್ಲಿ ದೊಡ್ಡ ಕಂಪನಿಗಳ ಪಾತ್ರ

ಮುಕ್ತ ತಂತ್ರಾಂಶದ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. "ಲಿನಕ್ಸ್ ಅಂದರೆ ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಪುಕ್ಕಟೆಯಾಗಿ ಮಾಡಿಕೊಟ್ಟದ್ದು" ಎನ್ನುವುದು ಮೊದಲನೆಯದು. "ಅದೆಲ್ಲ ಹಳೇ ಕಥೆ, ಈಗ ಲಿನಕ್ಸ್ ಕೂಡ ದೊಡ್ಡ ಕಂಪನಿಗಳ ಸ್ವತ್ತು" ಎನ್ನುವುದು ಎರಡನೆಯದು. ಒಂದಕ್ಕೊಂದು ವಿರುದ್ಧವಾದ ಈ ಎರಡು ಮಾತುಗಳಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಎರಡೂ ಪೂರ್ತಿ ನಿಜವಲ್ಲ.

ಇದು ಕಂಪ್ಯೂಟರ್ ತಜ್ಞರಿಗೆ ಮಾತ್ರ ಸಂಬಂಧಪಟ್ಟ ವಿಷಯ ಎಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸ್. ಮನೆಯ ವೈಫೈ ರೂಟರಿನಲ್ಲೂ ಬಹುಶಃ ಅದೇ ಇದೆ. ನೀವು ನೋಡುವ ಜಾಲತಾಣಗಳಲ್ಲಿ ಬಹುಪಾಲು ಲಿನಕ್ಸ್ ಸರ್ವರುಗಳ ಮೇಲೆ ನಡೆಯುತ್ತವೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯನ್ನು ವರ್ಷಕ್ಕೆ ಎರಡು ಬಾರಿ ಪ್ರಕಟಿಸುತ್ತಾರೆ. 2017ರ ನವೆಂಬರಿನ ಪಟ್ಟಿಯಲ್ಲಿದ್ದ ಅಷ್ಟೂ ಯಂತ್ರಗಳಲ್ಲಿ ಲಿನಕ್ಸ್ ಇತ್ತು. ಇಷ್ಟೆಲ್ಲ ನಿಂತಿರುವ ಅಡಿಪಾಯವನ್ನು ಯಾರು ಕಟ್ಟುತ್ತಾರೆ, ಅದರ ಮೇಲೆ ಯಾರಿಗೆ ಎಷ್ಟು ಹಿಡಿತವಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಒಂದೆರಡು ಪದಗಳ ಪರಿಚಯ

ಕಂಪ್ಯೂಟರಿನ ಯಂತ್ರಾಂಶಕ್ಕೂ ನಾವು ಬಳಸುವ ಆ್ಯಪ್‌ಗಳಿಗೂ ನಡುವೆ ಇದ್ದು ಎಲ್ಲವನ್ನೂ ನಡೆಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಮೆಮೊರಿಯನ್ನು ಯಾವ ಆ್ಯಪ್‌ಗೆ ಎಷ್ಟು ಹಂಚಬೇಕು, ಪ್ರಾಸೆಸರಿನ ಸಮಯ ಯಾರಿಗೆ ಸಿಗಬೇಕು, ಕ್ಯಾಮೆರಾ ಅಥವಾ ವೈಫೈ ಚಿಪ್ ಜೊತೆ ಹೇಗೆ ಮಾತಾಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಈ ಕರ್ನಲ್. ಒಂದೊಂದು ಬಗೆಯ ಚಿಪ್ ಜೊತೆ ವ್ಯವಹರಿಸಲು ಅದರಲ್ಲಿರುವ ತುಣುಕುಗಳನ್ನು ಡ್ರೈವರ್ ಎನ್ನುತ್ತಾರೆ.

ನಿಜವಾಗಿ ನೋಡಿದರೆ ಲಿನಕ್ಸ್ ಎಂಬುದು ಈ ಕರ್ನಲ್‌ನ ಹೆಸರು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು, ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿಯೂ ಅದು ಬರೀ ಹವ್ಯಾಸವೆಂದೂ ಅಂತರಜಾಲದ ಚರ್ಚಾಕೂಟವೊಂದರಲ್ಲಿ ತಿಳಿಸಿದ. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಯೋಜನೆ ಪ್ರಕಟಿಸಿ, ಆಪರೇಟಿಂಗ್ ಸಿಸ್ಟಂ ಒಂದಕ್ಕೆ ಬೇಕಾಗುವ ಉಳಿದ ಸಲಕರಣೆಗಳನ್ನು ಸಿದ್ಧಪಡಿಸುತ್ತಿದ್ದರು. ಎರಡೂ ಸೇರಿದಾಗ ಪೂರ್ಣ ವ್ಯವಸ್ಥೆಯೊಂದು ದೊರೆಯಿತು. ಕರ್ನಲ್, ಗ್ನೂ ಸಲಕರಣೆಗಳು ಮತ್ತು ಬೇರೆ ತಂತ್ರಾಂಶಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಕೊಡುವ ಡೆಬಿಯನ್, ಫೆಡೋರಾ, ಉಬುಂಟು ಮುಂತಾದವನ್ನು ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ, ಎಂದು ಕರೆಯುತ್ತಾರೆ.

ಸ್ಟಾಲ್ಮನ್ ಕೊಟ್ಟ ಇನ್ನೊಂದು ಮುಖ್ಯ ವಸ್ತು ಜಿಪಿಎಲ್ ಎಂಬ ಲೈಸೆನ್ಸ್. ಅದರ ಸಾರ ಸರಳ: ಈ ಕೋಡನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ತಿದ್ದಿದ ತಂತ್ರಾಂಶವನ್ನು ಇನ್ನೊಬ್ಬರಿಗೆ ಕೊಡುವಾಗ ಅದರ ಸೋರ್ಸ್ ಕೋಡನ್ನೂ ಇದೇ ಷರತ್ತಿನಲ್ಲಿ ಅವರಿಗೆ ಒದಗಿಸಬೇಕು. ಲಿನಕ್ಸ್ ಕರ್ನಲ್ 1992ರಲ್ಲಿ ಈ ಲೈಸೆನ್ಸಿನ ಎರಡನೇ ಆವೃತ್ತಿಯನ್ನು ಒಪ್ಪಿಕೊಂಡಿತು. ಮುಂದೆ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಈ ಒಂದು ಷರತ್ತು ನೆನಪಿದ್ದರೆ ಸಾಕು.

ನಂಬಿಕೆ 1: ಲಿನಕ್ಸ್ ಬರೆಯುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು

ಆರಂಭದ ವರ್ಷಗಳ ಮಟ್ಟಿಗೆ ಇದು ಹೆಚ್ಚುಕಡಿಮೆ ನಿಜ. ಈಗಿನ ಚಿತ್ರ ಬೇರೆ. ಲಿನಕ್ಸ್ ಫೌಂಡೇಶನ್ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2005ರಿಂದ ಅಲ್ಲಿಯವರೆಗೆ 1,400ಕ್ಕೂ ಹೆಚ್ಚು ಕಂಪನಿಗಳ ಸುಮಾರು 15,600 ಮಂದಿ ಕರ್ನಲ್‌ಗೆ ಕೋಡ್ ಕೊಟ್ಟಿದ್ದರು. ವರದಿಯ ಕೊನೆಯ ಅವಧಿಯಲ್ಲಿ ಸೇರಿದ ಬದಲಾವಣೆಗಳಲ್ಲಿ ಯಾರ ಸಂಬಳವನ್ನೂ ಪಡೆಯದವರ ಪಾಲು ಶೇ. 8ರ ಆಸುಪಾಸಿನಲ್ಲಿತ್ತು. ಇಂಟೆಲ್ ಒಂದರ ಪಾಲೇ ಶೇ. 13ರಷ್ಟು. ರೆಡ್ ಹ್ಯಾಟ್, ಐಬಿಎಂ, ಸ್ಯಾಮ್‌ಸಂಗ್, ಸೂಸೆ, ಗೂಗಲ್, ಎಎಂಡಿ ಮುಂತಾದ ಹೆಸರುಗಳೂ ಪಟ್ಟಿಯ ಮೇಲ್ಭಾಗದಲ್ಲಿದ್ದವು. ಈ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ತಂಡವೊಂದು ಇಲ್ಲಿಂದ ಕರ್ನಲ್‌ಗಾಗಿ ದುಡಿದಿದೆ.

ಟೋರ್ವಾಲ್ಡ್ಸ್ ಅವರಿಗೂ ಸಂಬಳವಿದೆ, ಅದು ಬರುವುದು ಲಿನಕ್ಸ್ ಫೌಂಡೇಶನ್ನಿನಿಂದ. ಲಾಭದ ಉದ್ದೇಶವಿಲ್ಲದ ಆ ಸಂಸ್ಥೆಗೆ ಹಣ ಕೊಡುವ ಸದಸ್ಯರಲ್ಲಿ ದೊಡ್ಡ ತಂತ್ರಜ್ಞಾನ ಕಂಪನಿಗಳಿವೆ.

ಹಾಗಾದರೆ "ಪುಕ್ಕಟೆ" ಎನ್ನುವ ಮಾತು ಎಲ್ಲಿಂದ ಬಂತು? ತಂತ್ರಾಂಶ ಪಡೆಯುವವರು ದುಡ್ಡು ಕೊಡಬೇಕಿಲ್ಲ ಎಂಬುದನ್ನು ಬರೆಯುವವರಿಗೆ ದುಡ್ಡು ಸಿಗುವುದಿಲ್ಲ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಅವೆರಡೂ ಬೇರೆ ಬೇರೆ ಸಂಗತಿಗಳು.

ಪುಕ್ಕಟೆ ಸಿಗುವ ವಸ್ತುವಿಗೆ ಕಂಪನಿಗಳು ದುಡ್ಡು ಸುರಿಯುವುದೇಕೆ?

ಊರಿನ ಕೆರೆಯನ್ನು ನೆನಪಿಸಿಕೊಳ್ಳಿ. ಕೆರೆ ಊರಿನವರೆಲ್ಲರದು. ಆದರೂ ಹೂಳೆತ್ತುವಾಗ ಹೆಚ್ಚು ಆಳು ಕಳಿಸುವವರು ಅಚ್ಚುಕಟ್ಟಿನಲ್ಲಿ ಹೆಚ್ಚು ಗದ್ದೆ ಇರುವವರು. ಅದರಲ್ಲಿ ಔದಾರ್ಯ ಇರಬಹುದು, ಇಲ್ಲದಿರಬಹುದು. ಲೆಕ್ಕಾಚಾರವಂತೂ ಇದ್ದೇ ಇರುತ್ತದೆ. ಲಿನಕ್ಸ್ ವಿಷಯದಲ್ಲಿ ಆ ಲೆಕ್ಕಾಚಾರ ಮುಖ್ಯವಾಗಿ ಮೂರು ಬಗೆಯದು.

ಒಂದು, ಬೇರೆ ವಸ್ತುವಿನ ಮಾರಾಟ. ಇಂಟೆಲ್ ಮಾರುವುದು ಚಿಪ್‌ಗಳನ್ನು. ಹೊಸ ಚಿಪ್ ಮಾರುಕಟ್ಟೆಗೆ ಬರುವ ಹೊತ್ತಿಗೆ ಅದಕ್ಕೆ ಬೇಕಾದ ಡ್ರೈವರ್ ಲಿನಕ್ಸಿನಲ್ಲಿ ಇಲ್ಲದಿದ್ದರೆ ಸರ್ವರ್ ಮಾರುವವರು ಅದನ್ನು ಕೊಳ್ಳುವುದಿಲ್ಲ. ಕರ್ನಲ್‌ನ ಕೋಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಡ್ರೈವರುಗಳೇ ಆಗಿರುವುದಕ್ಕೆ ಇದೇ ಕಾರಣ.

ಎರಡು, ಖರ್ಚಿನ ಹಂಚಿಕೆ. ಆಪರೇಟಿಂಗ್ ಸಿಸ್ಟಂ ಒಂದನ್ನು ಒಂಟಿಯಾಗಿ ಬರೆದು ದಶಕಗಳ ಕಾಲ ಸಾಕುವುದು ಬಹಳ ದುಬಾರಿ. 2000ದ ಡಿಸೆಂಬರಿನಲ್ಲಿ ಐಬಿಎಂ, ಮರುವರ್ಷ ಲಿನಕ್ಸಿಗಾಗಿ ಸುಮಾರು ನೂರು ಕೋಟಿ ಡಾಲರ್ ಖರ್ಚು ಮಾಡುವುದಾಗಿ ಹೇಳಿದಾಗ ಅನೇಕರು ಹುಬ್ಬೇರಿಸಿದ್ದರು. ಆದರೆ ಅದಕ್ಕೆ ಎದುರಾಳಿಗಳ ಆಪರೇಟಿಂಗ್ ಸಿಸ್ಟಂಗಳ ಹಂಗು ತಪ್ಪುತ್ತಿತ್ತು, ತನ್ನ ಯಂತ್ರ ಮತ್ತು ಸೇವೆಗಳನ್ನು ಮಾರಲು ದಾರಿಯಾಗುತ್ತಿತ್ತು.

ಮೂರು, ಪ್ರತ್ಯೇಕವಾಗಿ ಉಳಿಯುವುದರ ಕಷ್ಟ. ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊರಬರುತ್ತದೆ. ನಿಮ್ಮ ಬದಲಾವಣೆಯನ್ನು ಮೂಲ ಕರ್ನಲ್‌ಗೆ ಸೇರಿಸದೆ ನಿಮ್ಮ ಬಳಿಯೇ ಇಟ್ಟುಕೊಂಡರೆ, ಪ್ರತಿ ಹೊಸ ಆವೃತ್ತಿಗೂ ಅದನ್ನು ಮತ್ತೆ ಹೊಂದಿಸುತ್ತಾ ಕೂರಬೇಕು. ಗೂಗಲ್ ಕೂಡ ಈ ಪಾಠ ಕಲಿತಿದೆ. ಆಂಡ್ರಾಯ್ಡ್‌ಗಾಗಿ ಬರೆದ ಕೆಲವು ಡ್ರೈವರುಗಳನ್ನು ಯಾರೂ ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂದು 2010ರಲ್ಲಿ ಬಂದ 2.6.33 ಆವೃತ್ತಿಯಿಂದ ತೆಗೆದುಹಾಕಲಾಯಿತು. ಮಾತುಕತೆ, ತಿದ್ದುಪಡಿಗಳ ನಂತರ ಆಂಡ್ರಾಯ್ಡ್ ಕೋಡ್ ಮರಳಿ ಸೇರತೊಡಗಿದ್ದು 2012ರ 3.3 ಆವೃತ್ತಿಯಲ್ಲಿ.

ಈ ಲೆಕ್ಕಾಚಾರ ಎಷ್ಟು ಬಲವಾದುದು ಎಂಬುದಕ್ಕೆ ಮೈಕ್ರೋಸಾಫ್ಟ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದರ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ 2001ರ ಸಂದರ್ಶನವೊಂದರಲ್ಲಿ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. ಅದೇ ಕಂಪನಿ 2009ರಲ್ಲಿ ಸುಮಾರು 20,000 ಸಾಲುಗಳ ಡ್ರೈವರ್ ಕೋಡನ್ನು ಜಿಪಿಎಲ್ ಅಡಿಯಲ್ಲಿ ಕರ್ನಲ್‌ಗೆ ಕೊಟ್ಟಿತು. ತನ್ನ ವರ್ಚುವಲ್ ಯಂತ್ರಗಳ ಮೇಲೆ ಲಿನಕ್ಸ್ ಚೆನ್ನಾಗಿ ಓಡಬೇಕಾದದ್ದು ಅದಕ್ಕೂ ಅಗತ್ಯವಾಗಿತ್ತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ 2014ರಲ್ಲಿ ಮುಖ್ಯಸ್ಥರಾದ ಮೇಲೆ ಕಂಪನಿ ಲಿನಕ್ಸ್ ಮೇಲಿನ ಪ್ರೀತಿಯನ್ನು ಬಹಿರಂಗವಾಗಿಯೇ ಹೇಳಿಕೊಂಡಿತು. 2016ರಲ್ಲಿ ಲಿನಕ್ಸ್ ಫೌಂಡೇಶನ್ ಸೇರಿತು. ಅದರ ಕ್ಲೌಡ್ ಸೇವೆಯಾದ ಅಜೂರ್‌ನಲ್ಲಿ ಇಂದು ಗ್ರಾಹಕರು ವಿಂಡೋಸ್‌ಗಿಂತ ಹೆಚ್ಚಾಗಿ ಬಳಸುವುದು ಲಿನಕ್ಸನ್ನು. ಆದಾಯ ಬರುವ ಜಾಗ ಬದಲಾಯಿತು, ಅದರ ಹಿಂದೆಯೇ ಮಾತೂ ಬದಲಾಯಿತು.

ನಂಬಿಕೆ 2: ಕೆಲಸ ಮಾಡುವವರು ಕಂಪನಿಯವರೇ ಆದರೆ ಲಿನಕ್ಸ್ ಕೂಡ ಕಂಪನಿಯದೇ

ಇಲ್ಲಿಯೇ ಲೈಸೆನ್ಸ್ ಕೆಲಸ ಮಾಡುವುದು. ಲಿನಕ್ಸ್‌ಗೆ ಕೋಡ್ ಕೊಡುವವರು ತಮ್ಮ ಹಕ್ಕುಸ್ವಾಮ್ಯವನ್ನು ಯಾರಿಗೂ ಬರೆದುಕೊಡುವುದಿಲ್ಲ. ಬರೆದವರು ಅಥವಾ ಅವರಿಗೆ ಸಂಬಳ ಕೊಡುವ ಕಂಪನಿ ಅದನ್ನು ತಮ್ಮ ಬಳಿಯೇ ಇಟ್ಟುಕೊಂಡು, ಜಿಪಿಎಲ್ ಅಡಿಯಲ್ಲಿ ಎಲ್ಲರ ಬಳಕೆಗೆ ಬಿಡುತ್ತಾರೆ. ಹಾಗಾಗಿ ಕರ್ನಲ್‌ನ ಒಡೆತನ ಸಾವಿರಾರು ಜನರ ನಡುವೆ ಚದುರಿಹೋಗಿದೆ. ನಾಳೆ ಯಾವುದೋ ಕಂಪನಿ ಎಷ್ಟೇ ಹಣ ಚೆಲ್ಲಿದರೂ ಅಷ್ಟೂ ಜನರ ಒಪ್ಪಿಗೆ ಪಡೆದು ಲೈಸೆನ್ಸ್ ಬದಲಿಸಿ ಲಿನಕ್ಸನ್ನು ಮುಚ್ಚಿಬಿಡುವುದು ಆಗದ ಮಾತು.

ಇದಕ್ಕೆ ತದ್ವಿರುದ್ಧವಾದ ಕಥೆ ಓಪನ್‌ಸೊಲಾರಿಸ್‌ನದು. ಸನ್ ಮೈಕ್ರೋಸಿಸ್ಟಮ್ಸ್ ತನ್ನ ಸೊಲಾರಿಸ್ ಆಪರೇಟಿಂಗ್ ಸಿಸ್ಟಂನ ಬಹುಭಾಗವನ್ನು 2005ರಲ್ಲಿ ಮುಕ್ತಗೊಳಿಸಿತು. ಆದರೆ ಹೊರಗಿನವರು ಕೋಡ್ ಕೊಡಬೇಕಾದರೆ ಅದರ ಹಕ್ಕಿನಲ್ಲಿ ಸನ್ ಕಂಪನಿಗೂ ಪಾಲು ಕೊಡುವ ಕರಾರಿಗೆ ಸಹಿ ಹಾಕಬೇಕಿತ್ತು. 2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡಿತು, ಅದೇ ವರ್ಷ ಓಪನ್‌ಸೊಲಾರಿಸ್ ನಿಂತುಹೋಯಿತು. ಸೊಲಾರಿಸ್‌ನ ಮುಂದಿನ ಬೆಳವಣಿಗೆ ಮತ್ತೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಅಲ್ಲಿಯವರೆಗೆ ಹೊರಬಂದಿದ್ದ ಕೋಡನ್ನು ಮಾತ್ರ ಯಾರೂ ಹಿಂಪಡೆಯಲಾಗಲಿಲ್ಲ. ಅದನ್ನೇ ಹಿಡಿದು ಕೆಲವರು ಇಲ್ಯೂಮೋಸ್ ಎಂಬ ಯೋಜನೆ ಕಟ್ಟಿಕೊಂಡರು, ಅದು ಇಂದಿಗೂ ಜೀವಂತವಾಗಿದೆ.

ಜಿಪಿಎಲ್ ದೊಡ್ಡ ಕಂಪನಿಯೊಂದರ ಕೈಯಿಂದ ಕೋಡ್ ಬಿಡಿಸಿದ ಉದಾಹರಣೆಯೂ ಇದೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ಜನಪ್ರಿಯ ರೂಟರಿನಲ್ಲಿ ಲಿನಕ್ಸ್ ಇದೆ ಎಂಬುದನ್ನು 2003ರಲ್ಲಿ ಕೆಲವರು ಪತ್ತೆಮಾಡಿ ಸೋರ್ಸ್ ಕೋಡ್ ಕೇಳಿದರು. ಅಷ್ಟರಲ್ಲಿ ಲಿಂಕ್‌ಸಿಸ್ ಅನ್ನು ಕೊಂಡಿದ್ದ ಸಿಸ್ಕೊ, ಒತ್ತಡ ಹೆಚ್ಚಿದಾಗ ಕೋಡನ್ನು ಬಿಡುಗಡೆ ಮಾಡಿತು. ಅದರಿಂದ ಹುಟ್ಟಿದ್ದು ಓಪನ್‌ಡಬ್ಲ್ಯುಆರ್‌ಟಿ ಎಂಬ ಆಪರೇಟಿಂಗ್ ಸಿಸ್ಟಂ. ತಯಾರಕರೇ ಕೈಬಿಟ್ಟ ಹಳೆಯ ರೂಟರುಗಳನ್ನು ಅದರ ನೆರವಿನಿಂದ ಈಗಲೂ ಜನ ಬಳಸುತ್ತಾರೆ.

ಎಲ್ಲ ಮುಕ್ತ ಲೈಸೆನ್ಸುಗಳೂ ಹೀಗೆ ಮರಳಿ ಕೊಡಿ ಎಂದು ಕೇಳುವುದಿಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂನ ಲೈಸೆನ್ಸ್ ಬಹಳ ಸಡಿಲ. ಅದರ ಕೋಡನ್ನು ತೆಗೆದುಕೊಂಡು ಮುಚ್ಚಿದ ಉತ್ಪನ್ನ ಮಾಡಿದರೂ ಅಡ್ಡಿಯಿಲ್ಲ. ಸೋನಿಯ ಪ್ಲೇಸ್ಟೇಷನ್ 4ರ ಆಪರೇಟಿಂಗ್ ಸಿಸ್ಟಂಗೆ ಅದೇ ಆಧಾರ, ಆ್ಯಪಲ್‌ನ ಮ್ಯಾಕ್‌ಒಎಸ್‌ನಲ್ಲೂ ಅದರ ಭಾಗಗಳಿವೆ. ತನ್ನ ವಿಡಿಯೋ ಸರ್ವರುಗಳಲ್ಲಿ ಫ್ರೀಬಿಎಸ್‌ಡಿ ಬಳಸುವ ನೆಟ್‌ಫ್ಲಿಕ್ಸ್ ತನ್ನ ಸುಧಾರಣೆಗಳನ್ನು ಮರಳಿ ಕೊಡುತ್ತದೆ. ಆದರೆ ಕೊಡುವುದು ಬಿಡುವುದು ಅವರವರ ಇಚ್ಛೆ.

ನಂಬಿಕೆ 3: ಆಂಡ್ರಾಯ್ಡ್ ಮುಕ್ತ ತಂತ್ರಾಂಶ, ಆದ್ದರಿಂದ ನನ್ನ ಫೋನೂ ಮುಕ್ತ

ಗೂಗಲ್ 2005ರಲ್ಲಿ ಆಂಡ್ರಾಯ್ಡ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂತು. ಆಂಡ್ರಾಯ್ಡನ್ನು ಮೂರು ಪದರಗಳಾಗಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಎಲ್ಲಕ್ಕಿಂತ ಕೆಳಗಿರುವುದು ಲಿನಕ್ಸ್ ಕರ್ನಲ್, ಅದಕ್ಕೆ ಜಿಪಿಎಲ್ ಕಾವಲಿದೆ. ಅದರ ಮೇಲಿನ ಪದರ ಗೂಗಲ್ ಬರೆದ ಆಂಡ್ರಾಯ್ಡ್ ವ್ಯವಸ್ಥೆ. ಇದರ ಬಹುಪಾಲು ಅಪಾಚೆ ಎಂಬ ಸಡಿಲ ಲೈಸೆನ್ಸಿನಲ್ಲಿದೆ. ಹಾಗಾಗಿ ಕೋಡನ್ನು ಯಾವಾಗ ಹೊರಬಿಡಬೇಕು ಎಂಬುದು ಗೂಗಲ್ ಇಷ್ಟ. 2011ರಲ್ಲಿ ಟ್ಯಾಬ್ಲೆಟ್‌ಗಳಿಗೆ ಬಂದ ಹನಿಕೋಂಬ್ ಆವೃತ್ತಿಯ ಕೋಡನ್ನು ಅದು ತಿಂಗಳುಗಟ್ಟಲೆ ತಡೆಹಿಡಿದಿತ್ತು. ಎಲ್ಲರಿಗೂ ಕಾಣುವಂತೆ ನಡೆಯುತ್ತಿದ್ದ ಉಳಿದ ಕೆಲಸವನ್ನೂ ಕಂಪನಿಯ ಒಳಗೇ ಮಾಡಿ, ಆವೃತ್ತಿ ಸಿದ್ಧವಾದ ಮೇಲೆ ಕೋಡ್ ಪ್ರಕಟಿಸುವುದಾಗಿ 2025ರಲ್ಲಿ ತಿಳಿಸಿತು. ಮೂರನೆಯ ಪದರ ಪ್ಲೇ ಸ್ಟೋರ್, ಮ್ಯಾಪ್ಸ್, ನೋಟಿಫಿಕೇಶನ್ ಕಳಿಸುವ ಸೇವೆ ಮುಂತಾದವು. ಇವು ಮುಕ್ತವಲ್ಲ. ಇವು ಬೇಕಾದರೆ ಫೋನ್ ತಯಾರಕರು ಗೂಗಲ್ ಜೊತೆ ಒಪ್ಪಂದ ಮಾಡಿಕೊಳ್ಳಬೇಕು.

ಈ ಮೂರನೆಯ ಪದರ ಎಷ್ಟು ಮುಖ್ಯ ಎಂಬುದು 2019ರ ಮೇ ತಿಂಗಳಲ್ಲಿ ತಿಳಿಯಿತು. ಅಮೆರಿಕ ಸರ್ಕಾರ ಚೀನಾದ ಹುವಾವೇ ಕಂಪನಿಯ ಮೇಲೆ ವ್ಯಾಪಾರ ನಿರ್ಬಂಧ ಹೇರಿತು. ಕರ್ನಲ್ ಮತ್ತು ಆಂಡ್ರಾಯ್ಡ್‌ನ ಮುಕ್ತ ಕೋಡ್ ಬಳಸುವುದಕ್ಕೆ ಹುವಾವೇಗೆ ತೊಂದರೆಯಾಗಲಿಲ್ಲ. ಆದರೆ ಅದರ ಹೊಸ ಫೋನುಗಳಲ್ಲಿ ಗೂಗಲ್ ಸೇವೆಗಳು ಇಲ್ಲವಾದವು. ಚೀನಾದ ಹೊರಗೆ ಪ್ಲೇ ಸ್ಟೋರ್ ಇಲ್ಲದ ಫೋನನ್ನು ಕೊಳ್ಳುವವರು ವಿರಳ, ಅದರ ವ್ಯಾಪಾರ ಅಲ್ಲೆಲ್ಲ ಕುಸಿಯಿತು. ವಿಚಿತ್ರವೆಂದರೆ, 2020ರ ಡಿಸೆಂಬರಿನಲ್ಲಿ ಬಂದ ಕರ್ನಲ್‌ನ 5.10 ಆವೃತ್ತಿಗೆ, ಬದಲಾವಣೆಗಳ ಸಂಖ್ಯೆಯ ಲೆಕ್ಕದಲ್ಲಿ, ಎಲ್ಲರಿಗಿಂತ ಹೆಚ್ಚು ಕೊಡುಗೆ ಕೊಟ್ಟದ್ದು ಇದೇ ಹುವಾವೇ. ಕೆರೆಗೆ ಅದು ಯಾವ ಅಡ್ಡಿಯೂ ಇಲ್ಲದೆ ಆಳು ಕಳಿಸುತ್ತಿತ್ತು. ಗದ್ದೆಗೆ ನೀರು ಬಿಡುವ ತೂಬಿನ ಕೀಲಿ ಮಾತ್ರ ಬೇರೆಯವರ ಕೈಯಲ್ಲಿತ್ತು.

ಆ ಕೀಲಿಯನ್ನು ಗೂಗಲ್ ಬಳಸಿದ ರೀತಿ ಕಾನೂನಿನ ಕಣ್ಣಿಗೂ ಬಿದ್ದಿದೆ. ಯೂರೋಪಿಯನ್ ಕಮಿಷನ್ 2018ರಲ್ಲಿ 434 ಕೋಟಿ ಯೂರೋ ದಂಡ ವಿಧಿಸಿತು, 2022ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು 412.5 ಕೋಟಿಗೆ ಇಳಿಸಿತು. ನಮ್ಮ ದೇಶದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪ್ಲೇ ಸ್ಟೋರ್ ಬೇಕಾದರೆ ಉಳಿದ ಗೂಗಲ್ ಆ್ಯಪ್‌ಗಳನ್ನೂ ಒಟ್ಟಾಗಿ ಹಾಕಿಕೊಳ್ಳಬೇಕು, ಆಂಡ್ರಾಯ್ಡನ್ನು ತಮಗೆ ಬೇಕಾದಂತೆ ತಿದ್ದಿದ ಫೋನುಗಳನ್ನು ಮಾರಬಾರದು ಎಂಬಂಥ ಷರತ್ತುಗಳು ಆಕ್ಷೇಪಕ್ಕೆ ಗುರಿಯಾಗಿದ್ದವು. ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚಿನಲ್ಲಿ ದಂಡವನ್ನು ಎತ್ತಿಹಿಡಿದು, ಆಯೋಗದ ಕೆಲವು ಸೂಚನೆಗಳನ್ನು ರದ್ದುಮಾಡಿತು. ಅದಕ್ಕೂ ಮೊದಲೇ, ಜನವರಿಯಲ್ಲಿ, ಭಾರತದಲ್ಲಿ ತಯಾರಕರು ಗೂಗಲ್ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದೆಂದೂ ಬಳಕೆದಾರರು ತಮ್ಮ ಸರ್ಚ್ ಎಂಜಿನನ್ನು ಆರಿಸಿಕೊಳ್ಳಬಹುದೆಂದೂ ಗೂಗಲ್ ತಿಳಿಸಿತ್ತು.

ಇನ್ನೊಂದು ಬೀಗವೂ ಇದೆ. ಕೋಡ್ ನಿಮ್ಮ ಕೈಗೆ ಸಿಕ್ಕರೂ, ತಯಾರಕರ ಡಿಜಿಟಲ್ ಸಹಿ ಇಲ್ಲದ ತಂತ್ರಾಂಶವನ್ನು ಫೋನ್ ಶುರುಮಾಡದಂತೆ ಬೂಟ್‌ಲೋಡರಿಗೆ ಬೀಗ ಹಾಕಬಹುದು. ಇದನ್ನು ತಡೆಯಲು ಜಿಪಿಎಲ್‌ನ ಮೂರನೇ ಆವೃತ್ತಿ 2007ರಲ್ಲಿ ಬಂತು. ಲಿನಕ್ಸ್ ಕರ್ನಲ್ ಎರಡನೇ ಆವೃತ್ತಿಯಲ್ಲೇ ಉಳಿಯಿತು. ತಯಾರಕರು ಅಪ್‌ಡೇಟ್ ನಿಲ್ಲಿಸಿದ ನಂತರ ಗಟ್ಟಿಮುಟ್ಟಾಗಿರುವ ಫೋನು ಕೂಡ ಅಸುರಕ್ಷಿತವಾಗಿ ಮೂಲೆ ಸೇರುವುದಕ್ಕೆ ಇದೂ ಒಂದು ಕಾರಣ.

ನಂಬಿಕೆ 4: ದೊಡ್ಡ ಕಂಪನಿ ಜೊತೆಗಿದ್ದರೆ ಚಿಂತೆಯಿಲ್ಲ

ಸೆಂಟ್‌ಒಎಸ್ ಬಳಸುತ್ತಿದ್ದವರನ್ನು ಕೇಳಿದರೆ ಹೀಗೆ ಹೇಳಲಾರರು. ರೆಡ್ ಹ್ಯಾಟ್ ಕಂಪನಿ ದುಡ್ಡಿಗೆ ಒದಗಿಸುವ ಲಿನಕ್ಸಿನ ಕೋಡಿನಿಂದಲೇ ಕಟ್ಟಿದ ಉಚಿತ ಡಿಸ್ಟ್ರೋ ಅದು. ಜಗತ್ತಿನಾದ್ಯಂತ ಕಾಲೇಜುಗಳು, ಪ್ರಯೋಗಾಲಯಗಳು, ಸಣ್ಣ ಉದ್ದಿಮೆಗಳು ಅದನ್ನು ನಂಬಿದ್ದವು. 2014ರಲ್ಲಿ ಈ ಯೋಜನೆ ರೆಡ್ ಹ್ಯಾಟ್ ಆಶ್ರಯಕ್ಕೆ ಬಂತು. 2019ರಲ್ಲಿ ಐಬಿಎಂ 3,400 ಕೋಟಿ ಡಾಲರ್ ಕೊಟ್ಟು ರೆಡ್ ಹ್ಯಾಟನ್ನೇ ಕೊಂಡಿತು. 2020ರ ಡಿಸೆಂಬರಿನಲ್ಲಿ ಸೆಂಟ್‌ಒಎಸ್ 8ರ ಬೆಂಬಲ ಮುಂದಿನ ವರ್ಷದ ಕೊನೆಗೇ ಮುಗಿಯುತ್ತದೆ ಎಂದು ಪ್ರಕಟಣೆ ಬಂತು. 2029ರವರೆಗೆ ಇರುತ್ತದೆಂದು ನಂಬಿ ಸರ್ವರುಗಳನ್ನು ಸಜ್ಜುಗೊಳಿಸಿದ್ದವರ ಕೈಯಲ್ಲಿ ಉಳಿದದ್ದು ಒಂದೇ ವರ್ಷ.

ಆದರೆ ಕೋಡ್ ಮುಕ್ತವಾಗಿತ್ತು. ಕೆಲವೇ ತಿಂಗಳಲ್ಲಿ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಹೊಸ ಡಿಸ್ಟ್ರೋಗಳು ಆ ಜಾಗಕ್ಕೆ ಬಂದವು. 2023ರಲ್ಲಿ ರೆಡ್ ಹ್ಯಾಟ್ ತನ್ನ ಆ ಡಿಸ್ಟ್ರೋದ ಕೋಡನ್ನು ಸಾರ್ವಜನಿಕವಾಗಿ ಇಡುವುದನ್ನು ನಿಲ್ಲಿಸಿ, ಅದನ್ನು ಗ್ರಾಹಕರಿಗೆ ಸೀಮಿತಗೊಳಿಸಿತು. ತಂತ್ರಾಂಶ ಪಡೆದವರಿಗೆ ಕೋಡ್ ಕೊಟ್ಟರೆ ಸಾಕು ಎನ್ನುತ್ತದೆ ಜಿಪಿಎಲ್, ಊರಿಗೆಲ್ಲ ಕೊಡಬೇಕು ಎನ್ನುವುದಿಲ್ಲ. ಈ ನಡೆ ಮುಕ್ತ ತಂತ್ರಾಂಶದ ಆಶಯಕ್ಕೆ ತಕ್ಕದ್ದೇ ಎಂಬ ವಾದ ಇನ್ನೂ ಮುಗಿದಿಲ್ಲ.

ಕಂಪನಿಗಳ ಹಣ ಎಲ್ಲ ಕಡೆಗೂ ಸಮನಾಗಿ ಹರಿಯುವುದಿಲ್ಲ ಎಂಬುದು ಇನ್ನೊಂದು ತೊಂದರೆ. ಕರ್ನಲ್‌ಗೆ ಸಾವಿರಾರು ಎಂಜಿನಿಯರುಗಳಿದ್ದಾರೆ. ಆದರೆ ಡಿಸ್ಟ್ರೋ ಒಂದರಲ್ಲಿ ಸೇರಿರುವ ಸಣ್ಣಪುಟ್ಟ ತಂತ್ರಾಂಶಗಳಲ್ಲಿ ಎಷ್ಟೋ ಇಂದಿಗೂ ಒಬ್ಬಿಬ್ಬರ ಹೆಗಲ ಮೇಲಿವೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಅಂಥದ್ದೊಂದು. ಬಹುತೇಕ ಎಲ್ಲ ಡಿಸ್ಟ್ರೋಗಳಲ್ಲೂ ಇರುವ ಇದನ್ನು ಸಂಬಳವಿಲ್ಲದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡುವ ನೆಪದಲ್ಲಿ ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿದ. ಆಮೇಲೆ 2024ರ ಆರಂಭದಲ್ಲಿ ಅದರೊಳಗೆ ಕಳ್ಳದಾರಿಯೊಂದನ್ನು ಅಡಗಿಸಿಟ್ಟ. ಅದು ಪತ್ತೆಯಾಗದಿದ್ದರೆ ಜಗತ್ತಿನ ಅಸಂಖ್ಯ ಸರ್ವರುಗಳ ಬಾಗಿಲು ಅವನಿಗೆ ತೆರೆದುಕೊಳ್ಳುತ್ತಿತ್ತು.

ಪತ್ತೆ ಮಾಡಿದ್ದು ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡುವ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್. ಸರ್ವರಿಗೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದು ಅವರ ಗಮನಕ್ಕೆ ಬಂತು. ಕಾರಣ ಹುಡುಕುತ್ತಾ ಹೋಗಿ ಮಾರ್ಚ್ 29ರಂದು ವಿಷಯವನ್ನು ಬಹಿರಂಗಪಡಿಸಿದರು. ಆ ಹೊತ್ತಿಗೆ ಕೆಟ್ಟ ಆವೃತ್ತಿ ಮುಖ್ಯ ಡಿಸ್ಟ್ರೋಗಳ ಪರೀಕ್ಷಾ ಆವೃತ್ತಿಗಳಿಗಷ್ಟೇ ತಲುಪಿತ್ತು. ಕೋಡ್ ಮುಕ್ತವಾಗಿದ್ದರಿಂದ ಅದನ್ನು ಬಗೆದು ನೋಡಲು ಅವರು ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ. ಸಂಬಳವಿಲ್ಲದೆ ದಣಿದ ಒಬ್ಬರ ಮೇಲೆ ಇಷ್ಟೊಂದು ಭಾರ ಬಿಟ್ಟರೆ ಏನಾಗುತ್ತದೆ ಎಂಬುದೂ ಇದೇ ಘಟನೆಯಿಂದ ಗೊತ್ತಾಯಿತು.

ಕನ್ನಡಕ್ಕೆ ಇದರಿಂದ ಸಿಕ್ಕಿದ್ದೇನು?

ಕನ್ನಡವನ್ನು ಪರದೆಯ ಮೇಲೆ ಸರಿಯಾಗಿ ಮೂಡಿಸುವುದು ಸುಲಭವಲ್ಲ. "ಸ್ತ್ರೀ" ಎಂದು ಬರೆದಾಗ ಯಾವ ಅಕ್ಷರದ ಕೆಳಗೆ ಯಾವ ಒತ್ತು ಬರಬೇಕು, ದೀರ್ಘ ಎಲ್ಲಿ ಕೂರಬೇಕು ಎಂದು ಲೆಕ್ಕಹಾಕುವ ತಂತ್ರಾಂಶ ಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದು ಬೆಳೆದದ್ದರಲ್ಲಿ ರೆಡ್ ಹ್ಯಾಟ್ ಮತ್ತು ಗೂಗಲ್ ಕೊಟ್ಟ ಸಂಬಳದ ಪಾಲು ದೊಡ್ಡದು. ಲಿನಕ್ಸ್ ಬಳಸಿದವರಿಗೆ ಪರಿಚಿತವಾದ ಲೋಹಿತ್ ಕನ್ನಡ ಅಕ್ಷರಶೈಲಿಯನ್ನು ಹೊರತಂದದ್ದು ರೆಡ್ ಹ್ಯಾಟ್. ಆಂಡ್ರಾಯ್ಡ್ ಫೋನುಗಳಲ್ಲಿ ಕಾಣುವ ನೋಟೋ ಕನ್ನಡ ಅಕ್ಷರಗಳು ಗೂಗಲ್ ಮಾಡಿಸಿದವು. ಎರಡೂ ಮುಕ್ತ ಲೈಸೆನ್ಸಿನಲ್ಲಿವೆ. ನಾಳೆ ಆ ಕಂಪನಿಗಳಿಗೆ ಕನ್ನಡದ ಮೇಲೆ ಆಸಕ್ತಿ ಹೋದರೂ ಈ ಅಕ್ಷರಗಳು ನಮ್ಮೊಂದಿಗೇ ಇರುತ್ತವೆ, ತಿದ್ದಲು ಬೆಳೆಸಲು ನಮಗೆ ಹಕ್ಕಿದೆ. ಆದರೆ ತಿದ್ದಿ ಬೆಳೆಸುವವರು ನಮ್ಮಲ್ಲಿ ಇರಬೇಕು, ಲೈಸೆನ್ಸ್ ಆ ಕೆಲಸವನ್ನು ಮಾಡಿಕೊಡುವುದಿಲ್ಲ.

ಹಾಗಾದರೆ ಏನನ್ನು ನೋಡಬೇಕು?

ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮೈಕ್ರೋಸಾಫ್ಟ್ ಬದಲಾದದ್ದನ್ನು ನೋಡಿದೆವು, ಸೆಂಟ್‌ಒಎಸ್ ಕೈತಪ್ಪಿದ್ದನ್ನೂ ನೋಡಿದೆವು. ಲಾಭದ ದಿಕ್ಕು ಬದಲಾದರೆ ಕಂಪನಿಯ ನಡೆ ಎರಡೂ ಕಡೆಗೆ ಬದಲಾಗಬಹುದು. ನಿಮ್ಮ ಶಾಲೆಗೆ, ಕಚೇರಿಗೆ ಅಥವಾ ಸ್ವಂತಕ್ಕೆ ಒಂದು ವ್ಯವಸ್ಥೆಯನ್ನು ಆರಿಸುವಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ ಎನ್ನುವುದು ನಮ್ಮ ಸಲಹೆ:

• ಕೋಡಿನ ಹಕ್ಕು ಒಂದೇ ಕಂಪನಿಯ ಕೈಯಲ್ಲಿದೆಯೋ, ಹಲವರಲ್ಲಿ ಹಂಚಿಹೋಗಿದೆಯೋ?
• ತಿದ್ದಿದ್ದನ್ನು ಮರಳಿ ಕೊಡಬೇಕೆಂದು ಲೈಸೆನ್ಸ್ ಹೇಳುತ್ತದೆಯೋ, ಇಲ್ಲವೋ?
• ದಿನನಿತ್ಯದ ಬಳಕೆಗೆ ಬೇಕೇಬೇಕಾದ ಯಾವ ಭಾಗ ಮುಕ್ತವಲ್ಲ? ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ?
• ಕಂಪನಿ ನಾಳೆ ಹಿಂದೆ ಸರಿದರೆ ಮುಂದುವರಿಸಲು ಬೇರೆ ಜನ ಇದ್ದಾರೆಯೇ?

ಇವುಗಳ ಮೂಲಕ ನೋಡಿದರೆ ಆರಂಭದ ಎರಡು ಮಾತುಗಳಿಗೂ ಉತ್ತರ ಸಿಗುತ್ತದೆ. ಲಿನಕ್ಸ್ ಇಂದು ಬಹುಮಟ್ಟಿಗೆ ಕಂಪನಿಗಳ ಸಂಬಳದಲ್ಲಿ ಬೆಳೆಯುತ್ತಿದೆ, ಆದರೂ ಅದು ಯಾವ ಕಂಪನಿಯದೂ ಅಲ್ಲ. ಅದಕ್ಕೆ ಕಾರಣ ಯಾರದೋ ದೊಡ್ಡತನವಲ್ಲ. 1992ರಲ್ಲಿ ಒಪ್ಪಿಕೊಂಡ ಒಂದು ಲೈಸೆನ್ಸ್, ಮತ್ತು ಸಾವಿರಾರು ಜನರಲ್ಲಿ ಹಂಚಿಹೋದ ಹಕ್ಕು. ಮುಂದಿನ ಸಲ ಫೋನು ಕೊಳ್ಳುವಾಗ "ಇದು ಆಂಡ್ರಾಯ್ಡ್ ತಾನೇ, ಮುಕ್ತ ತಂತ್ರಾಂಶ" ಎಂದು ಯಾರಾದರೂ ಹೇಳಿದರೆ, ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಅದು ನಿಂತ ಮೇಲೆ ಬೂಟ್‌ಲೋಡರ್ ತೆರೆಯಲು ಬಿಡುತ್ತಾರೆಯೇ ಎಂದು ಕೇಳಿ ನೋಡಿ.